ನಂಬಿಕಸ್ತ ಮೆಕ್ಯಾನಿಕ್ಕೂ 'ನಮ್ಮೋರು' ಅನ್ನೋ ಮಾತೂ

ಮೊನ್ನೆ ಭಾನುವಾರ ಬೆಳಿಗ್ಗೆ ಸಂಘಟನೆಯ ಗೆಳೆಯರೊಬ್ಬರು ಫೋನ್ ಮಾಡಿದ್ದರು. ಹೊಸದಾಗಿ ಕಾರು ತಗೊಂಡಿದ್ದಾರೆ. ಹೊಸದಾಗಿ ಅಂದರೆ ಅವರಿಗೆ ಹೊಸದು, ಕಾರಿಗೆ ಹನ್ನೆರಡು ವರ್ಷ. "ಅಣ್ಣ, ಕೊಳ್ಳೇಗಾಲದಲ್ಲಿ ಯಾರಾದ್ರೂ ನಂಬಿಕಸ್ತ ಮೆಕ್ಯಾನಿಕ್ ಇದ್ರೆ ಹೇಳಿ" ಅಂದರು. ಇದಾರೆ, ಹೇಳ್ತೀನಿ ಅಂದೆ. ಸ್ವಲ್ಪ ತಡೆದು, ದನಿ ಇಳಿಸಿ, "ನಮ್ಮೋರೇ ಆದ್ರೆ ಇನ್ನೂ ಒಳ್ಳೇದು" ಅಂದರು.

ಫೋನಲ್ಲಿ ನಂಬರ್ ಕೊಡಲಿಲ್ಲ. ಸಂಜೆ ಮನೆಗೆ ಬನ್ನಿ, ಮಾತಾಡೋಣ ಅಂದೆ. ಯಾಕೆಂದರೆ ನಾಲ್ಕು ವರ್ಷದ ಹಿಂದೆ ಇದೇ ಮಾತನ್ನು ನಾನೂ ಆಡಿದ್ದೆ. ಆಮೇಲೆ ಏನಾಯ್ತು ಅನ್ನೋದನ್ನ ಅವರಿಗೆ ಹೇಳಿದೆ. ನಿಮಗೂ ಹೇಳಬೇಕು ಅನ್ನಿಸಿತು. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ನನ್ನದು ಮಾರುತಿ 800. 1983ರ ಡಿಸೆಂಬರಿನಲ್ಲಿ ರಸ್ತೆಗೆ ಬಂದು 2014ರ ಜನವರಿಯಲ್ಲಿ ತಯಾರಿಕೆ ನಿಂತುಹೋದ ಗಾಡಿ. ನಾನು ತಗೊಂಡದ್ದು 2016ರಲ್ಲಿ, 2008ರ ಮಾಡೆಲ್ಲು, ಸೊಸೈಟಿ ಸಾಲದಲ್ಲಿ. ನಮ್ಮ ಬೀದಿಗೆ ಅದು ಮೂರನೇ ಕಾರು. ಅಪ್ಪ ಆಗ ಇರಲಿಲ್ಲ. ಅಪ್ಪ ಊರಿನ ಬುದ್ಧಿಯೋರ ಮನೆಯಲ್ಲಿ ಜೀತಕ್ಕಿದ್ದವನು. 1976ರಲ್ಲಿ ಜೀತ ರದ್ದತಿ ಕಾನೂನು ಬಂದರೂ ನಮ್ಮೂರಿಗೆ ಅದು ನಡೆದುಕೊಂಡೇ ಬಂತು ಅಂತ ಕಾಣುತ್ತೆ, ಬಹಳ ತಡವಾಯಿತು. ಬುದ್ಧಿಯೋರ ಅಂಬಾಸಡರ್ ಕಾರನ್ನು ದಿನಾ ಬೆಳಿಗ್ಗೆ ತೊಳೆಯುವುದು ಅಪ್ಪನ ಕೆಲಸ. ಹೊರಗಡೆ ಮಾತ್ರ. ಒಳಗಡೆ ಒರೆಸೋಕೆ ಬೇರೆ ಆಳು.

ಹಾಗಾಗಿ ಹಳೇ ಕಾರಾದರೂ ಮನೆ ಮುಂದೆ ಬಂದು ನಿಂತ ದಿನ ಅವ್ವ ಬಾಗಿಲು ತೆಗೆದು ಒಳಗೆ ಕೂತು, ಸೀಟು ಸವರಿ, ಸುಮ್ಮನೆ ಹತ್ತು ನಿಮಿಷ ಕೂತಿದ್ದಳು. ನಾನು ಹಿಂದಿನ ಗಾಜಿಗೆ ಬಾಬಾಸಾಹೇಬರ ಚಿತ್ರ ಅಂಟಿಸಿದೆ. ಕೆಳಗೆ ನೀಲಿ ಅಕ್ಷರದಲ್ಲಿ ಜೈ ಭೀಮ್.

ಹಳೇ ಗಾಡಿ ಅಂದಮೇಲೆ ಗ್ಯಾರೇಜಿಗೆ ಅಲೆಯೋದು ಇದ್ದದ್ದೇ. ಮೊದಲು ಹೋದದ್ದು ಒಂದು ದೊಡ್ಡ ಗ್ಯಾರೇಜಿಗೆ. ಹೆಸರು ಬೇಡ. ಗಾಡಿ ಒಳಗೆ ಬಿಟ್ಟಾಗ "ಬನ್ನಿ ಸಾರ್, ಕೂತ್ಕೊಳಿ ಸಾರ್" ಅಂದವರು ಹಿಂದಿನ ಗಾಜು ನೋಡಿದ ಮೇಲೆ "ಯಾವೂರು ನಿಮ್ದು?" ಅಂದರು. ಹೇಳಿದೆ. "ಯಾವ ಬೀದಿ?" ಅಂದರು. ನಮ್ಮ ಕಡೆಯವರಿಗೆ ಈ ಪ್ರಶ್ನೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕ್ಲಚ್ಚು ಗಿಚ್ಚು ಅಂತ ರಿಪೇರಿ ಮಾಡದ ಕಡೆಗೆಲ್ಲ ಗಾಡಿ ಯಾಕೆ ಬಿಚ್ಚಿದಿರಿ ಅಂತ ಸಂಜೆ ಕೇಳಿದರೆ ಉತ್ತರವಿಲ್ಲ. ಹನ್ನೊಂದು ಸಾವಿರದ ಬಿಲ್ಲು. ಬಿಚ್ಚಿದ ಹಳೇ ಸಾಮಾನು ತೋರಿಸಿ ಅಂದೆ. "ಬಿಸಾಕ್ಬುಟ್ವಲ್ಲ" ಅಂದರು. ಯಾಕೆ ಬಿಸಾಕಿದ್ರಿ ಅಂತ ಕೇಳಿದ್ದಕ್ಕೆ, "ಅದ್ಯಾಕೆ ಇಷ್ಟೊಂದು ಕೇಳ್ತೀರಿ, ನಿಮ್ಮೋರಿಗೇನು, ಸಬ್ಸಿಡೀಲಿ ಬಂದಿರೋ ಗಾಡಿ ತಾನೆ" ಅಂದ ಒಬ್ಬ. ಪಕ್ಕದಲ್ಲಿದ್ದವರು ನಕ್ಕರು.

ಟ್ಯಾಕ್ಸಿ ಓಡಿಸಿ ಬದುಕುವ ನಮ್ಮ ಹುಡುಗರಿಗೆ ನಿಗಮದಿಂದ ಸಹಾಯಧನ ಸಿಗುತ್ತೆ, ಅದು ಅವರ ಹಕ್ಕು. ನನ್ನ ಕಾರು ಮಾತ್ರ ನನ್ನ ಸಂಬಳದ್ದು, ತಿಂಗಳು ತಿಂಗಳು ಕಂತು ಮುರಿದುಕೊಂಡೇ ಮಿಕ್ಕದ್ದು ಕೈಗೆ ಬರುತ್ತಿತ್ತು. ಅದನ್ನ ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಲೆಕ್ಕ ಒಪ್ಪಿಸಿದ ಹಾಗಾಗುತ್ತಿತ್ತು.

ನೋಡಿ, ಗ್ಯಾರೇಜಿನವರು ಮೋಸ ಎಲ್ಲರಿಗೂ ಮಾಡುತ್ತಾರೆ. ಅದಕ್ಕೆ ಜಾತಿ ಇಲ್ಲ. ಆದರೆ ಮೋಸ ಹೋದವನು ಬಾಯಿ ಬಿಟ್ಟು ಪ್ರಶ್ನೆ ಕೇಳಿದಾಗ ಸಿಗುವ ಉತ್ತರಕ್ಕೆ ಇದೆ.

ಆವತ್ತೇ ತೀರ್ಮಾನ ಮಾಡಿದೆ. ಇನ್ನು ನಮ್ಮೋರ ಹತ್ತಿರಾನೇ ಗಾಡಿ ಬಿಡೋದು ಅಂತ. ನಮ್ಮ ಪಕ್ಕದ ಬೀದಿಯ ಹುಡುಗನೊಬ್ಬ ಆಗ ತಾನೆ ರಸ್ತೆ ಬದಿ ತಗಡು ಹಾಕಿಕೊಂಡು ಗ್ಯಾರೇಜು ತೆಗೆದಿದ್ದ. ನಾವೇ ಹೋಗಿ ಟೇಪು ಕತ್ತರಿಸಿ, ಬಾಬಾಸಾಹೇಬರ ಫೋಟೋಗೆ ಹೂ ಹಾಕಿ ಬಂದಿದ್ದೆವು. ನಾನು ಭಾಷಣವನ್ನೂ ಮಾಡಿದ್ದೆ. ನಮ್ಮ ಹುಡುಗರು ಸ್ವಂತ ಕಾಲ ಮೇಲೆ ನಿಲ್ಲಬೇಕು, ನಾವು ಬೆನ್ನಿಗೆ ನಿಲ್ಲಬೇಕು ಅಂತ. ಚಪ್ಪಾಳೆ ಬಿದ್ದಿತ್ತು.

ಅವನ ಹತ್ತಿರ ಗಾಡಿ ಬಿಟ್ಟಾಗಲೆಲ್ಲ ನಾನು ಹೇಳುತ್ತಿದ್ದ ಮಾತು ಒಂದೇ: "ಕಮ್ಮೀಲಿ ಮುಗಿಸಪ್ಪ." ಅವನು ಐನೂರು ಅಂದರೆ ಮುನ್ನೂರು ಕೊಡುತ್ತಿದ್ದೆ. ಕೆಲವು ಸಲ ಸಂಬಳ ಆಗಲಿ ಅನ್ನುತ್ತಿದ್ದೆ. "ಆಯ್ತು ಬುಡಣ್ಣ, ನಿಮ್ಗೇನು" ಅನ್ನುತ್ತಿದ್ದ. ಬಿಲ್ಲು ನಾನೂ ಕೇಳಲಿಲ್ಲ, ಅವನೂ ಬರೆಯಲಿಲ್ಲ. ಏನು ಮಾಡಿದೆ ಅಂತ ಕೇಳಿದರೆ ಅನುಮಾನ ಪಟ್ಟ ಹಾಗೆ ಆಗುತ್ತೆ ಅಂತ ಅದನ್ನೂ ಕೇಳಲಿಲ್ಲ. ಇದಕ್ಕೆ ನಾನು ನಂಬಿಕೆ ಅಂತ ಹೆಸರಿಟ್ಟುಕೊಂಡಿದ್ದೆ.

ಆ ವರ್ಷ ದೀಪಾವಳಿ ಆದ ಮಾರನೇ ವಾರ ಅವ್ವ ಮಾದಪ್ಪನ ಬೆಟ್ಟಕ್ಕೆ ಕರೆದುಕೊಂಡು ಹೋಗು ಅಂದಳು. ನಾನು ಬುದ್ಧನ ಕಡೆ ಮುಖ ಮಾಡಿದವನು. ಅವ್ವ ಮಾದಪ್ಪನ ಒಕ್ಕಲು. ಅವಳ ಪರಸೆ ಅವಳಿಗೆ, ನನ್ನ ಕೆಲಸ ಡ್ರೈವರ್ ಕೆಲಸ ಅಂತ ನಮ್ಮಿಬ್ಬರಲ್ಲಿ ಒಪ್ಪಂದ ಆಗಿದೆ. ಅದಕ್ಕೂ ಹಿಂದಿನ ವಾರದಿಂದ ಬ್ರೇಕ್ ಪೆಡಲು ಮೆತ್ತಗಾಗಿತ್ತು. ಹುಡುಗನಿಗೆ ತೋರಿಸಿದ್ದೆ. "ಆಯಿಲ್ ಕಮ್ಮಿ ಆಗದೆ ಅಣ್ಣ" ಅಂದ. ಅರ್ಧ ಖಾಲಿಯಾಗಿದ್ದ ಬಾಟಲಿಯಿಂದ ಒಂದಿಷ್ಟು ಸುರಿದ. ಸರಿಹೋಯ್ತು. ಆಯಿಲ್ ಯಾಕೆ ಕಮ್ಮಿ ಆಯ್ತು ಅಂತ ಅವನೂ ನೋಡಲಿಲ್ಲ, ನಾನೂ ಕೇಳಲಿಲ್ಲ. ಮುನ್ನೂರು ಕೊಟ್ಟು ಬಂದೆ.

ಹತ್ತುವಾಗ ಏನೂ ತೊಂದರೆ ಆಗಲಿಲ್ಲ. ಸಂಜೆ ಇಳಿಯುವಾಗ, ತಾಳುಬೆಟ್ಟ ಇನ್ನೂ ಕೆಳಗಿದೆ, ಒಂದು ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲು ಬೆಣ್ಣೆಗೆ ಕಾಲಿಟ್ಟ ಹಾಗೆ ತಳಕ್ಕೆ ಹೋಯಿತು. ಗಾಡಿ ನಿಲ್ಲಲಿಲ್ಲ. ಪಕ್ಕದಲ್ಲಿ ಅವ್ವ. ಹಿಂದೆ ಹೆಂಡತಿ, ಅವಳ ತೊಡೆ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದ ಮಗಳು. ಎಡಗಡೆ ಬೆಟ್ಟದ ಗೋಡೆ. ಬಲಗಡೆ ನಾನು ನೋಡಲೇ ಇಲ್ಲ.

ಇಂಜಿನ್ ಆಫ್ ಮಾಡಬಾರದು ಅನ್ನೋದೊಂದು ನೆನಪಿತ್ತು. ಮೂರನೇ ಗೇರಿನಿಂದ ಎರಡಕ್ಕೆ ಹಾಕಿದೆ, ಗಾಡಿ ಕಿರುಚಿಕೊಂಡು ನಿಧಾನವಾಯಿತು. ಪೆಡಲನ್ನು ಬಿಟ್ಟು ಬಿಟ್ಟು ತುಳಿದೆ. ಹ್ಯಾಂಡ್ ಬ್ರೇಕು ಎಳೆದರೆ ಅದೂ ಅರ್ಧಂಬರ್ಧ ಹಿಡಿಯಿತು. ಒಂದನೇ ಗೇರಿಗೆ ಹಾಕಿ, ಎಡಗಡೆಯ ಮಣ್ಣಿನ ಚರಂಡಿಗೆ ಚಕ್ರ ಇಳಿಸಿ, ಬೆಟ್ಟದ ಗೋಡೆಗೆ ಬಾಗಿಲು ಉಜ್ಜಿಸಿಕೊಂಡು ನಿಂತೆವು. ಮಗಳು ಎದ್ದು "ಮನೆ ಬಂತಾ?" ಅಂದಳು.

"ಮಾದಪ್ಪ ಕಾಪಾಡ್ದ ಕನಪ್ಪ" ಅಂತ ಅವ್ವ ಕೈ ಮುಗಿದಳು. ನಾನು "ಸೆಕೆಂಡ್ ಗೇರು ಕಾಪಾಡ್ತು ಕನವ್ವ" ಅಂದೆ. ಇಬ್ಬರ ಕೈಯೂ ನಡುಗುತ್ತಿದ್ದವು.

ಕೆಳಗೆ ಹೋಗುತ್ತಿದ್ದ ಸಾರಿಗೆ ಬಸ್ಸಿನ ಡ್ರೈವರ್ ನಿಲ್ಲಿಸಿದರು. ಹೆಂಗಸರು ಮಗುವನ್ನು ಬಸ್ಸಿಗೆ ಹತ್ತಿಸಿಕೊಂಡರು. "ಈಗ್ಲೇ ಎತ್ಬೇಡಿ ಸಾರ್, ಬ್ರೇಕು ಆರಲಿ. ಹಂಗೂ ಓಡಿಸ್ಬೇಡಿ, ಎಳೆಸ್ಕೊಂಡೇ ಹೋಗಿ" ಅಂದರು. ಹೊರಡುವಾಗ ಕೊಳ್ಳೇಗಾಲದ ಒಬ್ಬ ಮೇಸ್ತ್ರಿಯ ಗುರುತು ಹೇಳಿದರು: "ನಮ್ ಡಿಪೋ ಹುಡುಗರು ಸ್ವಂತ ಗಾಡಿ ಅಲ್ಲೇ ಬುಡೋದು." ಕಾರು ಮಾರನೇ ದಿನ ಪಿಕಪ್ ಗಾಡಿಗೆ ಹಗ್ಗ ಕಟ್ಟಿಸಿಕೊಂಡು ಬಂತು.

ಆ ರಾತ್ರಿ ನಿದ್ದೆ ಬರಲಿಲ್ಲ. ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ತೆಗೆದೆ. ಹಲವು ಸಲ ಓದಿದ್ದ ಪುಸ್ತಕ, ವೇದಿಕೆ ಮೇಲೆ ಉದಾಹರಿಸಿದ್ದ ಪುಸ್ತಕ. ಅದರಲ್ಲಿ ಚಾಳೀಸಗಾಂವ್‌ನ ಘಟನೆ ಬರುತ್ತೆ. 1929. ಅಸ್ಪೃಶ್ಯರ ಕುಂದುಕೊರತೆ ವಿಚಾರಿಸಲು ಬಾಂಬೆ ಸರ್ಕಾರ ಮಾಡಿದ್ದ ಸಮಿತಿಯಲ್ಲಿ ಬಾಬಾಸಾಹೇಬರು ಸದಸ್ಯರು. ಚಾಳೀಸಗಾಂವ್ ಸ್ಟೇಷನ್‌ನಲ್ಲಿ ಇಳಿದಾಗ ಅಲ್ಲಿನ ಮಹಾರ್ ಜನ ಅವರನ್ನು ತಮ್ಮ ಕೇರಿಗೆ ಕರೆದುಕೊಂಡು ಹೋಗಲು ಬಂದಿದ್ದರು. ಆದರೆ ಟಾಂಗಾ ಹೊಡೆಯೋಕೆ ಒಬ್ಬ ಟಾಂಗಾವಾಲನೂ ಒಪ್ಪಲಿಲ್ಲ. ಅಸ್ಪೃಶ್ಯನನ್ನು ಕೂರಿಸಿಕೊಂಡು ಓಡಿಸುವುದು ಅವರ ಅಂತಸ್ತಿಗೆ ಕಡಿಮೆ. ಬಾಬಾಸಾಹೇಬರನ್ನು ನಡೆಸಿಕೊಂಡು ಹೋಗುವುದು ನಮ್ಮ ಜನಕ್ಕೆ ಇಷ್ಟವಿಲ್ಲ. ಕೊನೆಗೆ ಟಾಂಗಾ ಮಾತ್ರ ಬಾಡಿಗೆಗೆ ಪಡೆದು ತಮ್ಮಲ್ಲೇ ಒಬ್ಬನನ್ನು ಹೊಡೆಯಲು ಕೂರಿಸಿದರು. ಅವನಿಗೆ ಅಭ್ಯಾಸವಿರಲಿಲ್ಲ. ಸೇತುವೆಯ ಹತ್ತಿರ ಟಾಂಗಾ ಉರುಳಿತು. ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲಿನ ಮೂಳೆ ಮುರಿಯಿತು.

ನಮ್ಮ ಜನ ನನ್ನ ಗೌರವ ಕಾಯಲು ಹೋಗಿ ಜೀವದ ಕಡೆ ಗಮನ ಕೊಡಲಿಲ್ಲ ಅನ್ನುವ ಅರ್ಥದಲ್ಲಿ ಅವರು ಅಲ್ಲಿ ಬರೆಯುತ್ತಾರೆ. ಅದನ್ನು ನಾನು ಯಾವಾಗಲೂ ಟಾಂಗಾವಾಲರ ಜಾತಿ ಅಹಂಕಾರಕ್ಕೆ ಉದಾಹರಣೆಯಾಗಿ ಹೇಳುತ್ತಿದ್ದೆ. ಅದು ಸರಿಯೇ, ಮೊದಲ ತಪ್ಪು ಅವರದೇ. ಆದರೆ ಆ ರಾತ್ರಿ ಟಾಂಗಾ ಹೊಡೆದ ನಮ್ಮವನು ಕಣ್ಣ ಮುಂದೆ ಬಂದ. ಅವನ ಕೈಗೆ ಅದಕ್ಕೂ ಮುಂಚೆ ಯಾರಾದರೂ ಲಗಾಮು ಕೊಟ್ಟು ಕಲಿಸಿದ್ದರೆ?

ಮಾರನೇ ದಿನ ಮೇಸ್ತ್ರಿಯ ಹತ್ತಿರ ಹೋದೆ. ಅರವತ್ತರ ಹತ್ತಿರದ ವಯಸ್ಸು. ಗ್ಯಾರೇಜಿಗೆ ಬೋರ್ಡೂ ಇಲ್ಲ. ಹಿಂದಿನ ಗಾಜಿನ ಚಿತ್ರ ನೋಡಿದರು, ಏನೂ ಅನ್ನಲಿಲ್ಲ. ಯಾವೂರು ಅಂತಲೂ ಕೇಳಲಿಲ್ಲ. "ಏನಾಯ್ತು, ಯಾವಾಗಾಯ್ತು, ಇಳೀವಾಗ ಯಾವ ಗೇರಲ್ಲಿ ಇದ್ರಿ?" ಇಷ್ಟು ಕೇಳಿದರು. ನಾಚಿಕೆ ಆಯಿತು. ಘಾಟಿಯನ್ನು ಮೂರನೇ ಗೇರಲ್ಲಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದಿದ್ದೆ.

ಹಿಂದಿನ ಚಕ್ರ ಬಿಚ್ಚಿ ನನ್ನನ್ನು ಹತ್ತಿರ ಕರೆದರು. ವೀಲ್ ಸಿಲಿಂಡರ್ ಸೋರಿ ಬ್ರೇಕ್ ಶೂ ಪೂರ್ತಿ ಎಣ್ಣೆಯಲ್ಲಿ ನೆಂದಿತ್ತು. ಹ್ಯಾಂಡ್ ಬ್ರೇಕು ಸರಿಯಾಗಿ ಹಿಡಿಯದೇ ಇದ್ದದ್ದು ಅದಕ್ಕೆ. ಆಮೇಲೆ ಆಯಿಲನ್ನು ಒಂದು ಗಾಜಿನ ಲೋಟಕ್ಕೆ ತೆಗೆದು ತೋರಿಸಿದರು. ಕಾಫಿ ಡಿಕಾಕ್ಷನ್ ಬಣ್ಣ.

"ಬ್ರೇಕ್ ಆಯಿಲ್ ಗಾಳೀಲಿರೋ ತೇವ ಕುಡೀತದೆ ಸಾರ್. ಮುಚ್ಚಳ ತೆಗೆದಿಟ್ಟ ಬಾಟ್ಲಿ ಆದ್ರಂತೂ ಕತೆ ಮುಗೀತು. ಘಾಟಲ್ಲಿ ಬ್ರೇಕ್ ಕಾಯ್ತದೆ, ಆ ನೀರು ಕುದ್ದು ಹಬೆ ಆಯ್ತದೆ. ಆಯಿಲ್ನ ಒತ್ತಿದ್ರೆ ಒತ್ತಡ ಚಕ್ರಕ್ಕೆ ಹೋಯ್ತದೆ. ಹಬೇನ ಒತ್ತಿದ್ರೆ ಅದು ಅಲ್ಲೇ ಕುಗ್ಗತದೆ. ನಿಮ್ ಕಾಲು ಹಬೇನ ತುಳೀತಿತ್ತು, ಚಕ್ರಾನಲ್ಲ."

ಮನೆಗೆ ಬಂದು ಓದಿ ನೋಡಿದೆ. ಡಾಟ್-3 ಅನ್ನೋ ಬ್ರೇಕ್ ಆಯಿಲು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ಮಾನದಂಡ. ತೇವ ಕುಡಿದ ಆಯಿಲಿಗೆ ಅದೇ ಮಾನದಂಡ 140 ಡಿಗ್ರಿಗೆ ಇಳಿಯುತ್ತೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಬೇಕು ಅನ್ನುತ್ತಾರೆ. ಬಿಎ ಓದಿದ ನನಗೆ ಇದು ಗೊತ್ತಿರಲಿಲ್ಲ. ಮೇಸ್ತ್ರಿ ಓದಿದ್ದು ಆರನೇ ಕ್ಲಾಸು.

ಅವರು ಕೆಲಸ ಶುರು ಮಾಡುವ ಮುಂಚೆ ಒಂದು ಚೀಟಿಯಲ್ಲಿ ಬರೆದರು. ಎರಡು ವೀಲ್ ಸಿಲಿಂಡರ್, ಒಂದು ಜೊತೆ ಶೂ, ಆಯಿಲು, ಕೂಲಿ. ಸಾಮಾನು ನೀವೇ ತನ್ನಿ, ಅಂಗಡಿ ಆ ಕಡೆ ಇದೆ, ಡಬ್ಬದ ಮೇಲಿನ ಬೆಲೆ ನೋಡಿ ಕೊಡಿ ಅಂದರು. ಎಲ್ಲಾ ಸೇರಿ ಎರಡು ಸಾವಿರದ ನೂರು ರೂಪಾಯಿ ಆಯಿತು. ಮುಂದಿನ ಪ್ಯಾಡ್ ಕೂಡ ಹಾಕಿಬಿಡಿ ಅಂತ ಭಯದಲ್ಲಿ ನಾನೇ ಅಂದೆ. ಬಿಚ್ಚಿ ತೋರಿಸಿ, "ಇನ್ನೂ ಅರ್ಧ ಇದೆ. ಸುಮ್ನೆ ಯಾಕೆ ದುಡ್ಡು?" ಅಂದರು. ನನ್ನ ಪ್ರಕಾರ ಮೆಕ್ಯಾನಿಕ್ಕಿಗೆ ಇರುವ ಪರೀಕ್ಷೆ ಇದೇ. ಹೆದರಿದ ಗಿರಾಕಿ ಎದುರಿಗೆ ನಿಂತು ದುಡ್ಡು ಖರ್ಚು ಮಾಡಿಸಿ ಅನ್ನುವಾಗ ಬೇಡ ಅನ್ನಬೇಕು.

ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ಮುಚ್ಚಿಡಲ್ಲ. ನಾವೆಲ್ಲ ಹೊಸ ಜಾಗಕ್ಕೆ ಹೋದಾಗ ಮಾಡುವ ಪರೀಕ್ಷೆ: ಟೀ. ಪೇಪರ್ ಲೋಟ ಬಂದಮೇಲೆ ಈ ಪರೀಕ್ಷೆ ಕಷ್ಟವಾಗಿದೆ, ಎಲ್ಲರಿಗೂ ಬೇರೆ ಲೋಟವೇ. ಆದರೆ ಅಲ್ಲಿ ಗಾಜಿನ ಲೋಟ. ಮೇಸ್ತ್ರಿ ಕುಡಿದಿಟ್ಟ ಲೋಟವನ್ನು ಹುಡುಗ ಬಕೆಟ್ಟಿನಲ್ಲಿ ಅದ್ದಿ ತೊಳೆದು, ಅದಕ್ಕೇ ಟೀ ಬಗ್ಗಿಸಿ ನನಗೆ ಕೊಟ್ಟ. ನಾನು ಕುಡಿದಿಟ್ಟದ್ದರಲ್ಲಿ ಅವನು ಕುಡಿದ. ಯಾರೂ ಯಾರನ್ನೂ ನೋಡಲಿಲ್ಲ. ನಾನೊಬ್ಬನೇ ನೋಡುತ್ತಾ ಕೂತಿದ್ದೆ.

ಮೇಸ್ತ್ರಿ ಯಾವ ಜಾತಿ ಅಂತ ಈಗ ನಿಮ್ಮಲ್ಲಿ ಕೆಲವರಿಗೆ ಕುತೂಹಲ ಇರುತ್ತೆ. ನನಗೂ ಇತ್ತು. ಆಮೇಲೆ ಗೊತ್ತೂ ಆಯಿತು. ಹೇಳಲ್ಲ. ನಮ್ಮೋರು ಅಂದರೆ ಎದೆ ಉಬ್ಬಿಸುತ್ತೀರಿ. ಬೇರೆಯವರು ಅಂದರೆ "ನೋಡಿ, ಎಲ್ಲರೂ ಹಾಗಿರಲ್ಲ" ಅಂತ ನನಗೆ ಪಾಠ ಹೇಳೋಕೆ ಬರುತ್ತೀರಿ. ಆ ಮನುಷ್ಯ ನಲವತ್ತು ವರ್ಷ ಚಕ್ರದ ಕೆಳಗೆ ಮಲಗಿ ಕಲಿತದ್ದಕ್ಕೆ ಎರಡೂ ಬೆಲೆ ಕೊಡಲ್ಲ.

ಒಂದು ವಾರ ಬಿಟ್ಟು ನಮ್ಮ ಹುಡುಗನ ಗ್ಯಾರೇಜಿಗೆ ಹೋದೆ. ಬೈಯಬೇಕು ಅಂತಲೇ ಹೋದದ್ದು. ಸೋರುತ್ತಿದ್ದ ಸಿಲಿಂಡರನ್ನು ಅವನ ಮುಂದೆ ಇಟ್ಟು ನಡೆದದ್ದು ಹೇಳಿದೆ. ಅವನು ಅದನ್ನ ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಕಣ್ಣಲ್ಲಿ ನೀರು ಬಂತು. ಆಮೇಲೆ ಹೇಳಿದ:

"ಇದ ಬಿಚ್ಚಿ ಗೊತ್ತಿಲ್ಲ ಅಣ್ಣ ನಂಗೆ. ಎಸ್ಸೆಸ್ಸೆಲ್ಸಿ ಫೇಲು, ಐಟಿಐಗೆ ಸೇರಿಸ್ಕಳಲಿಲ್ಲ. ಎರಡು ವರ್ಷ ಒಂದು ಗ್ಯಾರೇಜಲ್ಲಿದ್ದೆ. ಗಾಡಿ ತೊಳೆಯೋದು, ಟೈರ್ ಬಿಚ್ಚೋದು, ಗ್ರೀಸ್ ಒರ್ಸೋದು. ಬ್ರೇಕು, ಇಂಜಿನ್ ಬಿಚ್ಚೋವಾಗ ಸಾಮಾನು ತತ್ತಾ ಅಂತ ಅಂಗಡಿಗೆ ಕಳಿಸ್ಬುಡೋರು. ಟೀ ತರೋ ಕೆಲ್ಸ ಮಾತ್ರ ನಂಗೆ ಹೇಳ್ತಿರ್ಲಿಲ್ಲ."

ಬೈಯಲು ಹೋದವನು ಸುಮ್ಮನೆ ಕೂತೆ. ಅಂಬಾಸಡರ್ ಕಾರನ್ನು ಹೊರಗಡೆಯಿಂದ ಮಾತ್ರ ತೊಳೆಯುತ್ತಿದ್ದ ಅಪ್ಪ ನೆನಪಾದ. ಆಮೇಲೆ ಅವನು ಮೆಲ್ಲಗೆ ಇನ್ನೊಂದು ಮಾತು ಹೇಳಿದ. "ನೀವು ಕೊಟ್ಟ ಮುನ್ನೂರಲ್ಲಿ ಹೊಸ ಆಯಿಲ್ ಬಾಟ್ಲಿ ತಗಂದ್ರೆ ನಂಗೇನೂ ಉಳೀತಿರ್ಲಿಲ್ಲ ಅಣ್ಣ." ಇದು ನನಗೆ ಘಾಟಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ದೊಡ್ಡ ಗ್ಯಾರೇಜಿನವರಿಗೆ ಹನ್ನೊಂದು ಸಾವಿರ ಎಣಿಸಿ ಕೊಟ್ಟಿದ್ದೆ. ನಮ್ಮೋನಿಗೆ ಐನೂರಲ್ಲಿ ಇನ್ನೂರು ಕಡಿದಿದ್ದೆ. ಬೆನ್ನಿಗೆ ನಿಲ್ಲಬೇಕು ಅಂತ ಭಾಷಣ ಮಾಡಿದವನೂ ನಾನೇ.

ಮೇಸ್ತ್ರಿಯ ಹತ್ತಿರ ಹೋಗಿ ಕೇಳಿದೆ. ಈ ಹುಡುಗನಿಗೆ ಬ್ರೇಕು, ಕ್ಲಚ್ಚು ಕಲಿಸ್ತೀರಾ ಅಂತ. ಯಾರ ಹುಡುಗ ಅಂತ ಕೇಳಲಿಲ್ಲ. "ಹೊತ್ತಿಗೆ ಸರಿಯಾಗಿ ಬರ್ತಾನಾ? ಗೊತ್ತಿಲ್ಲದ್ದ ಗೊತ್ತಿಲ್ಲ ಅಂತಾನಾ?" ಅಂದರು. ವಾರಕ್ಕೆ ಮೂರು ದಿನ ಮಧ್ಯಾಹ್ನದವರೆಗೆ ಅಲ್ಲಿ, ಮಿಕ್ಕ ಹೊತ್ತು ತನ್ನ ತಗಡಿನ ಗ್ಯಾರೇಜಲ್ಲಿ. ಹದಿನಾಲ್ಕು ತಿಂಗಳು ಹೋದ. ಮೊದಲ ದಿನವೇ ಮೇಸ್ತ್ರಿ ಸ್ಪ್ಯಾನರ್ ಕೈಗೆ ಕೊಟ್ಟು "ಬಿಚ್ಚು, ನಾ ನೋಡ್ತೀನಿ" ಅಂದರಂತೆ. ಬಂದು ಹೇಳುವಾಗ ಅವನ ಮುಖ ನೋಡಬೇಕಿತ್ತು.

ಗೆಳೆಯರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಮೆಕ್ಯಾನಿಕ್ಕನ್ನ ಹುಡುಕುವಾಗ ಬೋರ್ಡು ನೋಡಬೇಡಿ. ಗಾಡಿ ಓಡಿಸಿಯೇ ಹೊಟ್ಟೆ ಹೊರೆಯುವವರನ್ನು, ಬಸ್ ಡ್ರೈವರು, ಟ್ಯಾಕ್ಸಿ ಸ್ಟ್ಯಾಂಡಿನ ಹುಡುಗರನ್ನು, ಅವರ ಸ್ವಂತ ಗಾಡಿ ಎಲ್ಲಿ ಬಿಡುತ್ತಾರೆ ಅಂತ ಕೇಳಿ. ಮೊದಲು ಸಣ್ಣ ಕೆಲಸ ಕೊಟ್ಟು ನೋಡಿ. ಬಿಚ್ಚುವ ಮುಂಚೆ ಎಷ್ಟಾಗುತ್ತೆ ಅಂತ ಬರೆಸಿಕೊಳ್ಳಿ. ಬಿಚ್ಚಿದ ಹಳೇ ಸಾಮಾನು ಕೇಳಿ ಪಡೆಯಿರಿ. ಯಾಕೆ ಕೆಟ್ಟಿತು ಅಂತ ಕೇಳಿ. ಒಳ್ಳೆ ಕೆಲಸಗಾರ ಈ ಪ್ರಶ್ನೆಗೆ ಸಿಟ್ಟಾಗಲ್ಲ, ಖುಷಿಪಡುತ್ತಾನೆ. ಒಂದು ನೋಟ್‌ಬುಕ್ಕಲ್ಲಿ ತಾರೀಖು, ಕಿಲೋಮೀಟರ್, ಹಾಕಿದ ಸಾಮಾನು ಬರೆದಿಡಿ. ಗುಮಾಸ್ತನಾದ ನನಗೆ ಇದು ಸುಲಭ, ಆದರೂ ಎಂಟು ವರ್ಷಕ್ಕೆ ಶುರು ಮಾಡಿದೆ. ಘಾಟಿಯನ್ನು ಹತ್ತುವ ಗೇರಲ್ಲೇ ಇಳಿಯಿರಿ. ಮತ್ತೆ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ನಮ್ಮೋರಾದರೆ ಇನ್ನೂ ಮಾಡಬೇಡಿ.

ಹೋದ ತಿಂಗಳು ಬ್ರೇಕ್ ಆಯಿಲ್ ಬದಲಾಯಿಸುವ ಹೊತ್ತಾಗಿತ್ತು. ಹುಡುಗನ ಹತ್ತಿರವೇ ಬಿಟ್ಟೆ. ಹೊಸ ಬಾಟಲಿಯ ಸೀಲು ನನ್ನ ಮುಂದೆಯೇ ಒಡೆದ. ಅವನು ಚಕ್ರದ ಹತ್ತಿರ ಕೂತು "ಒತ್ತಣ್ಣ... ಹಿಡ್ಕೋ... ಬುಡು" ಅನ್ನುತ್ತಾ ಗಾಳಿ ತೆಗೆದ. ನಾನು ಒಳಗೆ ಕೂತು ಪೆಡಲು ತುಳಿದೆ. ಕ್ಲಚ್ಚೂ ಒಂದ್ಸಲ ನೋಡಪ್ಪ ಅಂದೆ. ಓಡಿಸಿಕೊಂಡು ಹೋಗಿ ಬಂದು, "ಇನ್ನೂ ಆರೆಂಟು ತಿಂಗಳು ಬತ್ತದೆ ಅಣ್ಣ, ಈಗ ಬೇಡ" ಅಂದ. ಚೀಟಿ ಬರೆದು ಕೊಟ್ಟ. ಆರುನೂರ ಐವತ್ತು. "ನಮ್ಮೋರು ಅಂತ ಐವತ್ತು ಬುಡ್ಲಾ?" ಅಂತ ನಕ್ಕ. ಬೇಡ ಕಣೋ ಅಂದೆ, ಪೂರ್ತಿ ಎಣಿಸಿ ಕೊಟ್ಟೆ.

ಭಾನುವಾರ ಸಂಜೆ ಬಂದ ಗೆಳೆಯರಿಗೆ ಎರಡು ನಂಬರ್ ಬರೆದುಕೊಟ್ಟೆ. ಒಂದು ಮೇಸ್ತ್ರಿಯದ್ದು, ಒಂದು ಹುಡುಗನದ್ದು. "ಇವರಲ್ಲಿ ನಮ್ಮೋರು ಯಾರು?" ಅಂದರು. ಎರಡೂ ಕಡೆ ಹಳೇ ಸಾಮಾನು ಕೇಳಿ ಇಸ್ಕೊಳ್ಳಿ ಅಂದೆ.

ಜೈ ಭೀಮ್.